ಗುರಿ ಹೋಗಿ ‘ಗೋಲ್’ ಬಂತು, ಲೆಕ್ಕ ಕೇಳುವವರು ಯಾರು?

ನಮ್ಮ ಹುಡುಗ ಕನ್ನಡದಲ್ಲಿ ಜಗಳ ಆಡುತ್ತಾನೆ. ಕ್ರಿಕೆಟ್ಟಿನಲ್ಲಿ ಸೋತರೆ ಅಪ್ಪಟ ಕನ್ನಡದಲ್ಲೇ ಬೈಯುತ್ತಾನೆ. ‘ಮುಂದೇನು ಮಾಡ್ತೀಯ?’ ಎಂದು ಕೇಳಿ ನೋಡಿ! ನಾಲಿಗೆ ತಟ್ಟನೆ ಹೊರಳುತ್ತದೆ. ‘ಟೂ ಇಯರ್ಸ್ ಪ್ಲಾನ್ ಇದೆ, ಗೋಲ್ ಫಿಕ್ಸ್ ಮಾಡಿದೀನಿ, ಕೆರಿಯರ್ ಮೇಲೆ ಫೋಕಸ್ ಮಾಡ್ತಿದೀನಿ...’ ಹೊಟ್ಟೆ ಕನ್ನಡದ್ದು, ಸಿಟ್ಟು ಕನ್ನಡದ್ದು, ನಾಳೆ ಮಾತ್ರ ಇಂಗ್ಲಿಷಿನದು!

ಇದನ್ನು ಬರೀ ಶೋಕಿ ಎಂದು ನಕ್ಕು ಬಿಡಬಹುದಿತ್ತು. ಆದರೆ ಗೆಳೆಯರೇ, ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯಂಥ ಊರಿನಿಂದ ಬೆಂಗಳೂರಿಗೆ ಬಂದ ಹುಡುಗನನ್ನು ನೆನೆಯಿರಿ. ಅವನನ್ನು ಓದಿಸಿದ್ದು ಈರುಳ್ಳಿ ಮಾರಿದ ದುಡ್ಡು. ‘ಮುಂದೇನ್ ಮಾಡ್ಬೇಕು ಅಂತಿದೀಯಪ್ಪಾ?’ ಎಂದು ಫೋನಿನಲ್ಲಿ ಅಪ್ಪ ಕೇಳಿದಾಗ ಮಗ ಈ ಇಂಗ್ಲಿಷ್ ಮಂತ್ರ ಉದುರಿಸುತ್ತಾನೆ. ‘ಆಯ್ತು ಬಿಡಪ್ಪಾ’ ಎಂದು ಅಪ್ಪ ಸುಮ್ಮನಾಗುತ್ತಾನೆ. ಏನೂ ಅರ್ಥವಾಗಿರುವುದಿಲ್ಲ, ಕೇಳಲು ಸಂಕೋಚ. ಎರಡು ವರ್ಷ ಕಳೆದ ಮೇಲೆ ‘ಅದೇನಾಯ್ತು?’ ಎಂದು ಕೇಳುವ ಹಕ್ಕನ್ನೂ ಅವನು ಕಳೆದುಕೊಂಡಿರುತ್ತಾನೆ. ದುಡ್ಡು ಹಾಕಿದವನಿಗೇ ಲೆಕ್ಕವಿಲ್ಲ!

ಅದೇ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ. ಹರಕೆ ಹೊರುತ್ತಾರೆ, ತೀರಿಸುತ್ತಾರೆ. ದೇವರನ್ನು ನಂಬದವರೂ (ನಾನೂ ಅಷ್ಟಾಗಿ ನಂಬುವವನಲ್ಲ) ಹರಕೆಯ ಮಾತನ್ನು ಗಮನಿಸಬೇಕು. ಇಂಥದ್ದು ಆಗಬೇಕು, ಆದರೆ ಇಂಥದ್ದು ಕೊಡುತ್ತೇನೆ, ಇಷ್ಟರೊಳಗೆ ತೀರಿಸುತ್ತೇನೆ. ಗುರಿ, ಖರ್ಚು, ಗಡುವು ಮೂರೂ ಅದರಲ್ಲಿವೆ. ತಪ್ಪಿದರೆ ದೇವಿಗಿಂತ ಮೊದಲು ಪಕ್ಕದ ಮನೆಯ ಅಜ್ಜಿಯೇ ಕೇಳುತ್ತಾಳೆ!

ಕನ್ನಡದಲ್ಲಿ ಪದಗಳಿಲ್ಲವೇ? ಗುರಿ, ಉದ್ದೇಶ, ಹವಣಿಕೆ, ಹಂಚಿಕೆ, ಸಂಕಲ್ಪ, ಪಣ, ಛಲ, ಇರಾದೆ ಎಲ್ಲ ಇವೆ. ಇವುಗಳಲ್ಲಿ ಸಂಸ್ಕೃತದಿಂದ ಬಂದದ್ದಿದೆ, ‘ಇರಾದೆ’ ಅರಬ್ಬಿಯಿಂದ ಬಂದದ್ದು. ಬರಲಿ, ನಮಗೆ ಮಡಿ ಇಲ್ಲ, ಬಸ್ಸನ್ನೂ ರೈಲನ್ನೂ ನಮ್ಮದಾಗಿಸಿಕೊಂಡ ಜನ ನಾವು. ನನ್ನ ಸಿಟ್ಟು ಕ್ರಿಯಾಪದಗಳ ಸಾವಿನ ಬಗ್ಗೆ. ಕೈಗೂಡಿತು, ಈಡೇರಿತು, ನೆರವೇರಿತು, ಎಟುಕಲಿಲ್ಲ, ನೆಲಕಚ್ಚಿತು... ಒಂದೊಂದಕ್ಕೂ ಒಂದೊಂದು ಬಣ್ಣ. ‘ಅಚೀವ್ ಮಾಡ್ದೆ’, ‘ಅಚೀವ್ ಆಗ್ಲಿಲ್ಲ’ ಎಂಬ ಎರಡೇ ಮಾತಿನಲ್ಲಿ ಅವೆಲ್ಲ ಹೂತುಹೋಗುತ್ತಿವೆ.

ಕಚೇರಿಯಲ್ಲಿ ಇಂಗ್ಲಿಷ್ ಬೇಕು ಎನ್ನುತ್ತೀರಾ? ಆಡಿ, ಬೇಡವೆಂದವರಾರು? ಕನ್ನಡ ಬಾರದ ಸಾಹೇಬನಿಗೆ ಅವನ ಭಾಷೆಯಲ್ಲೇ ಹೇಳಿ. ಮನೆಗೆ ಬಂದು ಅವ್ವನ ಮುಂದೆಯೂ ಅದೇ ಸಾಹೇಬನಿಗೆ ವರದಿ ಒಪ್ಪಿಸುವುದೇಕೆ?

ನಮ್ಮನ್ನಾಳುವವರು ಈ ಗುಟ್ಟನ್ನು ಬಲ್ಲರು. ಓಟು ಬೇಕಾದಲ್ಲಿ ಹೆಸರು ನಮ್ಮ ಹೆಂಗಸರ ಬಾಯಿಗೆ ಹತ್ತುವಂತಿರುತ್ತದೆ: 2013ರಲ್ಲಿ ಅನ್ನಭಾಗ್ಯ, 2023ರಲ್ಲಿ ಶಕ್ತಿ, ಗೃಹಲಕ್ಷ್ಮಿ. ಬಂಡವಾಳದವರನ್ನು ಕರೆಯುವಾಗ ‘ಇನ್ವೆಸ್ಟ್ ಕರ್ನಾಟಕ’, ನಗರಕ್ಕೆ ‘ಸ್ಮಾರ್ಟ್ ಸಿಟಿ’. ಗೃಹಲಕ್ಷ್ಮಿಯ 2000 ರೂಪಾಯಿ ಒಂದು ತಿಂಗಳು ಬಾರದಿದ್ದರೆ ಹಳ್ಳಿಯ ಹೆಣ್ಣುಮಗಳು ಪಂಚಾಯಿತಿಯಲ್ಲೇ ದಬಾಯಿಸುತ್ತಾಳೆ. ದಾವಣಗೆರೆಯ, ಶಿವಮೊಗ್ಗದ ‘ಸ್ಮಾರ್ಟ್ ಸಿಟಿ’ಯಲ್ಲಿ ಏನು ಬಾಕಿ ಉಳಿಯಿತೆಂದು ಯಾರು ದಬಾಯಿಸಿದರು? 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಹಿಂದೆ ಜನಸಾಗರ ಹರಿದದ್ದೂ ಸುಮ್ಮನೆ ಅಲ್ಲ. ಶಾಲೆಯಲ್ಲಿ ಕನ್ನಡ ಮೊದಲ ಭಾಷೆಯಾಗಬೇಕು ಎಂಬ ಬೇಡಿಕೆ ಕೂಲಿಯವನಿಗೂ ಅರ್ಥವಾಗಿತ್ತು.

ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದದ್ದು ಇದಕ್ಕೇ. ಭದ್ರೆಯಿಂದ 29.90 ಟಿಎಂಸಿ ನೀರು ಎತ್ತಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರದ ನೆಲಕ್ಕೆ ಕೊಡುವ ಲೆಕ್ಕ. 2023ರ ಕೇಂದ್ರ ಬಜೆಟ್ಟಿನಲ್ಲಿ 5300 ಕೋಟಿ ರೂಪಾಯಿಯ ಘೋಷಣೆಯೂ ಆಯಿತು. ಹೆಸರೇನೋ ಚೆಂದದ ಕನ್ನಡ. ಒಳಗೆ ಇಣುಕಿದರೆ ಡಿಪಿಆರ್, ಪ್ಯಾಕೇಜ್, ಫೇಸ್, ಕ್ಲಿಯರೆನ್ಸ್! ‘ನಮ್ಮ ಕೆರೆಗೆ ನೀರು ಯಾವಾಗ ಸ್ವಾಮಿ?’ ಎಂದು ರೈತ ಕೇಳಿದರೆ ‘ಸೆಕೆಂಡ್ ಫೇಸಲ್ಲಿ ಬರುತ್ತೆ’ ಎಂದು ಉತ್ತರ. ನಾಳೆ ಆ ಕುರ್ಚಿಯಲ್ಲಿ ಕೂರುವ ಎಂಜಿನಿಯರು ನಿಮ್ಮಲ್ಲೇ ಒಬ್ಬ. ಎದುರಿಗೆ ಟವೆಲ್ಲು ಹೆಗಲಿಗೆ ಹಾಕಿ ನಿಲ್ಲುವವನು ನಿಮ್ಮಪ್ಪನ ವಯಸ್ಸಿನವನು. ಯಾವ ವರ್ಷ, ಯಾವ ತಿಂಗಳು ಎಂದು ಅವನಿಗೆ ಬಿಡಿಸಿ ಹೇಳುತ್ತೀರಾ?