ಆರ್‌ಸಿಬಿ ಮಾರಾಟದ ಹಾದಿಯಲ್ಲಿ, ಅಭಿಮಾನಿಯನ್ನು ಕೇಳುವವರಾರು?

2025ರ ಜೂನ್ 3ರ ರಾತ್ರಿ ನಮ್ಮ ವಿನೋಬನಗರದಲ್ಲಿ ಬೇಗ ಮಲಗಿದವರು ಕಡಿಮೆ. ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ ಆರ್‌ಸಿಬಿ 6 ರನ್‌ಗಳಿಂದ ಗೆದ್ದದ್ದೇ ತಡ, 100 ಅಡಿ ರಸ್ತೆಯಲ್ಲಿ ಪಟಾಕಿ, ಬೈಕ್ ಹಾರ್ನ್, ಕೂಗಾಟ. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಹೇಳಿ ನಗೆಪಾಟಲಾದವರಿಗೆಲ್ಲ ಅದು ಹಬ್ಬ. ನನ್ನ ಇಬ್ಬರು ಗೆಳೆಯರು ರಾತ್ರಿ ಬಸ್ಸಿಗೇ ಬೆಂಗಳೂರಿಗೆ ಹೊರಟರು. ಮರುದಿನ ಲ್ಯಾಬ್ ಇಂಟರ್ನಲ್ಸ್ ಇದ್ದದ್ದರಿಂದ ನಾನು ಉಳಿದೆ.

ಜೂನ್ 4ರ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಗೆಳೆಯರು ಫೋನ್ ಎತ್ತುವವರೆಗಿನ ಎರಡು ಗಂಟೆ ನನಗೆ ಇನ್ನೂ ನೆನಪಿದೆ. ಪೊಲೀಸರ ಒಪ್ಪಿಗೆ ಸಿಗುವ ಮೊದಲೇ ತಂಡ ಸಾಮಾಜಿಕ ಜಾಲತಾಣದಲ್ಲಿ ಜನರನ್ನು ಕರೆದಿತ್ತು. ಇದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಎಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ಹೇಳಿತು. ತಂಡ ಅದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಮೃತರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಪ್ರಕಟಿಸಿದ್ದು ಆಗಸ್ಟ್ ಕೊನೆಯಲ್ಲಿ.

ನವೆಂಬರ್ 5ರಂದು ಇನ್ನೊಂದು ಸುದ್ದಿ ಬಂತು. ಆಗ ಆರ್‌ಸಿಬಿಯ ಒಡೆತನ ಹೊಂದಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ, 2026ರ ಮಾರ್ಚ್ 31ರೊಳಗೆ ಅದನ್ನು ಮುಗಿಸುವುದಾಗಿ ಷೇರುಪೇಟೆಗೆ ತಿಳಿಸಿತು. ಮದ್ಯ ತಯಾರಿಕೆಯೇ ಮುಖ್ಯ ವ್ಯವಹಾರವಾದ ಕಂಪನಿಗೆ ಕ್ರಿಕೆಟ್ ತಂಡ ಮೂಲ ಕಸುಬಲ್ಲ ಎಂಬುದು ಅದರ ಸಾರ. ಎಲ್ಲರೂ ಇದನ್ನು ಮಾರಾಟದ ಸೂಚನೆ ಎಂದೇ ಓದಿದರು. ನಾವು ಮಾತ್ರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ‘ಯಾರು ಕೊಳ್ತಾರೆ?’ ಎಂದು ಊಹೆ ಮಾಡುತ್ತ ಕುಳಿತೆವು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮಾರಾಟದ ಮಾತುಕತೆಯಲ್ಲಿ ಅಭಿಮಾನಿಯ ಜಾಗ ಎಲ್ಲಿ?

ಇದುವರೆಗಂತೂ ಜಾಗ ಇರಲಿಲ್ಲ. 2008ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ 11.16 ಕೋಟಿ ಡಾಲರ್‌ಗೆ ತಂಡ ಕೊಂಡಾಗ ಹೆಸರಿಟ್ಟಿದ್ದು ತನ್ನದೇ ವಿಸ್ಕಿ ಬ್ರ್ಯಾಂಡ್ ನೆನಪಿಸುವಂತೆ. ಆಮೇಲೆ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಡಿಯಾಜಿಯೊ ಪಾಲಾಯಿತು. ಅದರೊಂದಿಗೆ ತಂಡವೂ ಹೋಯಿತು. ಊರಿನ ಹೆಸರು 2014ರ ನವೆಂಬರ್ 1ರಂದೇ ಅಧಿಕೃತವಾಗಿ ‘ಬೆಂಗಳೂರು’ ಆದರೂ ತಂಡದ ಹೆಸರಿನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬರಲು 2024ರ ಮಾರ್ಚ್ ಬೇಕಾಯಿತು.

ಮಾಲೀಕರು ನಮ್ಮ ಮಾತು ಕೇಳದಿರಲು ಲೆಕ್ಕಾಚಾರದ ಕಾರಣವೂ ಇದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಗಿದೆ. ಅದರ ದೊಡ್ಡ ಪಾಲು ಹತ್ತು ತಂಡಗಳಿಗೆ ಹಂಚಿಕೆಯಾಗುತ್ತದೆ. ಹೀಗಾಗಿ ಟಿಕೆಟ್‌ಗಾಗಿ ಬಿಸಿಲಲ್ಲಿ ಸಾಲು ನಿಂತವನ ಸಿಟ್ಟು ತಂಡದ ಜೇಬಿಗೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ತಂಡ ಮಾರುವಾಗ ಬೆಲೆ ಏರುವುದು ಆ ಅಭಿಮಾನಿಗಳ ಸಂಖ್ಯೆ ತೋರಿಸಿಯೇ.

‘ದುಡ್ಡು ಹಾಕಿದವರು ಅವರು, ನಿಮಗೇನು ಹಕ್ಕು?’ ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ಅದರಲ್ಲಿ ಸತ್ಯವಿದೆ. ಇದೇ ಮಾಲೀಕರು 901 ಕೋಟಿ ರೂಪಾಯಿಗೆ ಮಹಿಳಾ ತಂಡ ಕೊಂಡರು. ಅದು 2024ರಲ್ಲೇ ಕಪ್ ಗೆದ್ದಿತು. ಮಾಲೀಕತ್ವ ನಮಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ಮಾತಾಡಲು ಒಂದು ಅವಕಾಶವನ್ನು.

ಅವಕಾಶ ಇಲ್ಲದಿದ್ದರೆ ಏನಾಗುತ್ತದೆ ಎಂದು ಭದ್ರಾವತಿಯವರನ್ನು ಕೇಳಬೇಕು. 1918ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1998ರಲ್ಲಿ ಸೈಲ್‌ನಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಕಾರ್ಖಾನೆ ಹೋದರೆ ಹೋಗುವುದು ಅನ್ನ, ತಂಡ ಹೋದರೆ ಬರೀ ಬೇಸರ. ಎರಡೂ ಒಂದೇ ಅಲ್ಲ. ಆದರೂ ‘ನಮ್ಮದು’ ಎನ್ನುವವರು ಒಂದು ಕಡೆ, ತೀರ್ಮಾನ ಮಾಡುವವರು ಇನ್ನೊಂದು ಕಡೆ ಎಂಬುದು ಎರಡರಲ್ಲೂ ಇದೆ.

ಹೊರಗಿನ ಉದಾಹರಣೆಗಳೂ ಇವೆ. ಕೆನಡಾದ ಮಾಂಟ್ರಿಯಲ್ ನಗರದ ಬೇಸ್‌ಬಾಲ್ ತಂಡ ಎಕ್ಸ್‌ಪೋಸ್ 2004ರ ಸೀಸನ್ ಮುಗಿದ ಮೇಲೆ ಅಮೆರಿಕದ ವಾಷಿಂಗ್ಟನ್‌ಗೆ ಹೊರಟುಹೋಯಿತು. ಅಭಿಮಾನಿಗಳಿಗೆ ಉಳಿದದ್ದು ಹಳೆಯ ಟೋಪಿಗಳು. ಜರ್ಮನಿಯ ಫುಟ್‌ಬಾಲ್‌ನಲ್ಲಿ ಮಾತ್ರ, ಕೆಲವು ಕ್ಲಬ್‌ಗಳನ್ನು ಬಿಟ್ಟರೆ, ಬಹುಮತದ ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡ್ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತಕ್ಕೆ ಕಾನೂನನ್ನೇ ತಂದಿತು. ಲಾಂಛನ, ಬಣ್ಣದಂಥ ವಿಷಯಗಳಲ್ಲಿ ಕ್ಲಬ್‌ಗಳು ಅಭಿಮಾನಿಗಳ ಅಭಿಪ್ರಾಯ ಕೇಳಲೇಬೇಕು.

ನಮ್ಮೂರಿನ ಹೆಸರಿನ ತಂಡವನ್ನೇ ನೋಡಿ. ಮಹಾರಾಜ ಟ್ರೋಫಿಯಲ್ಲಿ 2022ರಲ್ಲಿ ಶಿವಮೊಗ್ಗ ಸ್ಟ್ರೈಕರ್ಸ್ ಇತ್ತು, ಮರುವರ್ಷ ಶಿವಮೊಗ್ಗ ಲಯನ್ಸ್ ಬಂತು. ನವುಲೆಯಲ್ಲಿ ಕೆಎಸ್‌ಸಿಎ ಮೈದಾನವಿದ್ದರೂ 2023, 2024ರ ಪಂದ್ಯಗಳು ಬೆಂಗಳೂರಿನಲ್ಲಿ, 2025ರದ್ದು ಮೈಸೂರಿನಲ್ಲಿ ನಡೆದವು. ಶಿವಮೊಗ್ಗದ ಹುಡುಗರು ‘ಶಿವಮೊಗ್ಗ’ವನ್ನು ನೋಡಿದ್ದು ಮೊಬೈಲ್‌ನಲ್ಲಿ.

ಆದ್ದರಿಂದ ಆರ್‌ಸಿಬಿಯ ಒಡೆತನ ಕೈ ಬದಲಾಯಿಸುವುದಾದರೆ ಅದಕ್ಕೂ ಮುನ್ನ ಮೂರು ವಿಷಯ ಸ್ಪಷ್ಟವಾಗಬೇಕು. ಒಂದು, ತಂಡದ ಹೆಸರಿನಲ್ಲಿ ಬೆಂಗಳೂರು ಇರಬೇಕು, ತವರಿನ ಪಂದ್ಯಗಳು ಕರ್ನಾಟಕದಲ್ಲೇ ನಡೆಯಬೇಕು. ಎರಡು, ಅಭಿಮಾನಿಗಳನ್ನು ಸೇರಿಸುವ ಯಾವ ಕಾರ್ಯಕ್ರಮವನ್ನೂ ಪೊಲೀಸರ ಲಿಖಿತ ಅನುಮತಿ ಇಲ್ಲದೆ ಪ್ರಕಟಿಸಬಾರದು. ಮೂರು, ಟಿಕೆಟ್ ದರ, ಪ್ರವೇಶದ ವ್ಯವಸ್ಥೆ, ಸುರಕ್ಷತೆ ಬಗ್ಗೆ ಸೀಸನ್‌ಗೆ ಮುಂಚೆ ಅಭಿಮಾನಿಗಳ ಪ್ರತಿನಿಧಿಗಳ ಜತೆ ಸಭೆ ನಡೆಸಬೇಕು.

ಅದಕ್ಕೆ ಮೊದಲು ನಮಗೆ ಪ್ರತಿನಿಧಿಗಳು ಇರಬೇಕಲ್ಲ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನಮ್ಮ ಒಂದೊಂದು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲೂ ನೂರಾರು ಜನರಿದ್ದೇವೆ. ಮೀಮ್ ಕಳಿಸುವ ಉತ್ಸಾಹದಲ್ಲಿ ಸ್ವಲ್ಪವನ್ನು ಅರ್ಜಿ ಬರೆಯಲು ಉಳಿಸಿಕೊಂಡರೆ ಸಾಕು. ಜೂನ್ 4ರಂದು ಮನೆಗೆ ಮರಳದ ಆ 11 ಜನರೂ ನಮ್ಮ ಹಾಗೆಯೇ ತಂಡದ ಕರೆ ನಂಬಿ ಹೋದವರು. ಮುಂದಿನ ಸಲ ತಂಡ ಕರೆಯುವ ಮುನ್ನ ‘ವ್ಯವಸ್ಥೆ ಏನು ಮಾಡಿದ್ದೀರಿ?’ ಎಂದು ಕೇಳುವವರು ಯಾರಾದರೂ ಇರಬೇಕು.