ಕಾಡೊಳಗಿನ ಊರಿನ ವಿಳಾಸ ಎಲ್ಲರಿಗೂ ಕೊಡಬೇಕೇ?

ವಿಮಾನದಿಂದ ಲೇಸರ್ ಕಿರಣ ಸುರಿಸಿದರೆ ಬಹುಪಾಲು ಎಲೆಗಳಿಗೇ ಬಡಿದು ಹಿಂತಿರುಗುತ್ತದೆ. ಸಂದಿಯಲ್ಲಿ ನುಸುಳಿ ನೆಲ ಮುಟ್ಟಿದ ಅಲ್ಪಸ್ವಲ್ಪದಿಂದಲೇ ಮರಗಳಡಿಯ ದಿಬ್ಬ, ಕೆರೆ, ದಾರಿಗಳ ನಕ್ಷೆ ಮೂಡುತ್ತದೆ. ಇದೇ ಲೈಡಾರ್. 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಗ್ವಾಟೆಮಾಲದ ಮಳೆಕಾಡಿನ 2,144 ಚದರ ಕಿ.ಮೀ.ಯಲ್ಲಿ 61,480 ಮಾಯಾ ನಿರ್ಮಾಣಗಳನ್ನು ಎಣಿಸಿತು. ಇಂಥ ನಕ್ಷೆಗಳು ಅಕ್ಷಾಂಶ, ರೇಖಾಂಶ ಸಮೇತ ಯಾರು ಬೇಕಾದರೂ ನೋಡುವಂತಿರಬೇಕೇ? ನನ್ನ ಒಲವು ಕೆಳಗಿನ ಎರಡನೆಯ ವಾದದ ಕಡೆಗೆ. ಆದರೂ ಮೊದಲನೆಯದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಪರ

ಬಚ್ಚಿಟ್ಟರೆ ಉಳಿಯುತ್ತದೆ ಎಂಬುದು ಭ್ರಮೆ. ಗ್ವಾಟೆಮಾಲದ ಎಲ್ ಪೆರು-ವಾಕಾದಲ್ಲಿ 1960ರ ದಶಕದಲ್ಲೇ ನಿಧಿಗಳ್ಳರು ಮಾಯಾ ರಾಜ, ರಾಣಿಯರ ನಿಲುಗಲ್ಲುಗಳ ಮುಂಭಾಗವನ್ನು ಗರಗಸದಿಂದ ಕೊಯ್ದು ಸಾಗಿಸಿದರು. ರಾಣಿ ಈಗ ಕ್ಲೀವ್‌ಲ್ಯಾಂಡ್‌ನ ಮ್ಯೂಸಿಯಂನಲ್ಲಿದ್ದಾಳೆ, ರಾಜ ಟೆಕ್ಸಸ್‌ನಲ್ಲಿದ್ದಾನೆ. ಆಗ ಲೈಡಾರ್ ಎಲ್ಲಿತ್ತು? ಪುರಾತತ್ತ್ವಜ್ಞ ಇಯಾನ್ ಗ್ರಹಾಂ ಅಲ್ಲಿಗೆ ತಲುಪುವಷ್ಟರಲ್ಲಿ ಉಳಿದಿದ್ದದ್ದು ಕೊಯ್ದು ಬಿಟ್ಟ ತುಂಡುಗಳು.

ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋದ ಕಾಂಪೆಚೆ ಸಾಕ್ಷಿ. ಕಾಡಿನ ಇಂಗಾಲ ಅಳೆಯಲೆಂದು 2013ರಲ್ಲಿ ಮಾಡಿಸಿದ್ದ ಲೈಡಾರ್ ದತ್ತಾಂಶ ಅಂತರ್ಜಾಲದಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. ಸಂಶೋಧನಾ ವಿದ್ಯಾರ್ಥಿ ಲ್ಯೂಕ್ ಆಲ್ಡ್-ಥಾಮಸ್ ಅದನ್ನು ಬೇರೆ ಕಣ್ಣಿನಿಂದ ನೋಡಿದಾಗ ಆರೂವರೆ ಸಾವಿರಕ್ಕೂ ಹೆಚ್ಚು ನಿರ್ಮಾಣಗಳೂ ವಲೇರಿಯಾನಾ ಎಂಬ ನಗರವೂ ಹೊರಬಂದವು. 2024ರಲ್ಲಿ ಪ್ರಕಟವಾದ ಆ ಶೋಧಕ್ಕೆ ಹೊಸ ವಿಮಾನ ಹಾರಬೇಕಾಗಲಿಲ್ಲ.

ಇನ್ನು ಅಮೆಜಾನ್. ಬ್ರೆಜಿಲ್‌ನ ಆಕ್ರೆಯಲ್ಲಿ ವೃತ್ತ, ಚೌಕಾಕಾರದ ಬೃಹತ್ ಕಂದಕಗಳು ಕಣ್ಣಿಗೆ ಬಿದ್ದದ್ದೇ ದನದ ಹುಲ್ಲುಗಾವಲಿಗಾಗಿ ಕಾಡು ಕಡಿದ ಮೇಲೆ. ಪ್ರಾಚೀನ ನೆಲೆಗಳನ್ನು ರಕ್ಷಿಸುವ ಕಾನೂನು ಆ ದೇಶದಲ್ಲಿ 1961ರಿಂದ ಇದೆ. ಆದರೆ ನಕ್ಷೆಯಲ್ಲೇ ಇಲ್ಲದ ನೆಲೆಯನ್ನು ಟ್ರ್ಯಾಕ್ಟರ್‌ನಿಂದ ಯಾವ ಕಾನೂನು ಕಾಯುತ್ತದೆ?

ವಿರೋಧ

ಅಂದಿನ ಕಳ್ಳ ತಿಂಗಳುಗಟ್ಟಲೆ ಅಲೆದು, ದಾರಿ ಬಲ್ಲವರನ್ನು ಹುಡುಕಬೇಕಿತ್ತು. ಇಂದು ಅವನ ಮೊಬೈಲಿಗೇ ದಾರಿ ಕಳಿಸುತ್ತೇವೆಯೇ? ನಿಧಿಗಳ್ಳರ ಹಾವಳಿ ಎಂಥದೆಂದು ಹಂಪಿಯ ಕಡೆಯವರಿಗೆ ಹೇಳಬೇಕಿಲ್ಲ. ಗ್ವಾಟೆಮಾಲದ ಮಾಯಾ ಜೀವಗೋಲ ಮೀಸಲು ಪ್ರದೇಶ ಸುಮಾರು 21,000 ಚದರ ಕಿ.ಮೀ. ಅಲ್ಲಿ ದಿಬ್ಬಕ್ಕೊಬ್ಬ ಕಾವಲುಗಾರನನ್ನು ನಿಲ್ಲಿಸುವುದು ಆಗುವ ಮಾತಲ್ಲ. 2012ರ ಲೈಡಾರ್ ಹಾರಾಟದ ಬೆನ್ನು ಹಿಡಿದು 2015ರಲ್ಲಿ ಹೊಂಡುರಾಸ್‌ನ ಮೊಸ್ಕಿಟಿಯಾ ಕಾಡಿಗೆ ಇಳಿದ ತಂಡ ಜಾಗವನ್ನು ಗುಟ್ಟಾಗಿಟ್ಟಿತು, ಸೈನಿಕರ ಕಾವಲೂ ಬಿತ್ತು.

ಅದಕ್ಕಿಂತ ದೊಡ್ಡ ತಕರಾರು ಕೂಡ ಅಲ್ಲೇ ಎದ್ದಿತು. ‘ಕಳೆದುಹೋದ ನಗರ’ ಎಂದು ಜಗತ್ತಿಗೆ ಸಾರಿದಾಗ, ತಮ್ಮನ್ನು ಕೇಳದೆ ತಮ್ಮ ನೆಲದಲ್ಲಿ ಇದೇನು ಎಂದು ಮಿಸ್ಕಿಟೊ ಜನ ಆಕ್ಷೇಪಿಸಿದರು. ಯಾರಿಗೆ ಕಳೆದುಹೋಗಿತ್ತು? ತೆರೆದ ವಿಜ್ಞಾನದ ಮಾತಾಡುವವರು ತೆರೆಯುವುದು ಹೆಚ್ಚಾಗಿ ಬೇರೆಯವರ ಹಿತ್ತಲನ್ನೇ.

ಬ್ರೆಜಿಲ್‌ನಲ್ಲಿ ಎಡ್ವಾರ್ಡೊ ನೆವೆಸ್ ನೇತೃತ್ವದ ‘ಅಮಜೋನಿಯಾ ರೆವೆಲಾಡಾ’ ಯೋಜನೆ ವಿಮಾನ ಹಾರಿಸುವ ಮುನ್ನ ಅಲ್ಲಿನ ಸಮುದಾಯಗಳ ಒಪ್ಪಿಗೆ ಕೇಳುತ್ತದೆ. ನಕ್ಷೆ ಪ್ರಕಟಿಸುವ ಮುನ್ನವೂ ಅದನ್ನೇ ಕೇಳಬೇಕು. ಬೇಡ ಎಂದರೆ ಚಿತ್ರ ಅಚ್ಚಾಗಲಿ, ಅಕ್ಷಾಂಶ, ರೇಖಾಂಶ ಬೇಡ. ಸರ್ಕಾರಿ ಇಲಾಖೆಯ ಕೈಗೆ ಪೂರ್ತಿ ನಕ್ಷೆ ಕೊಡಲು ಯಾರ ಅಡ್ಡಿಯೂ ಇಲ್ಲ; ಟ್ರ್ಯಾಕ್ಟರ್ ತಡೆಯಬೇಕಾದದ್ದು ಇಲಾಖೆ ತಾನೆ?