ಕುಕ್ಕರ್ ಬಲ್ಲವಳಿಗೆ ಕಾರು ತಿಳಿಯದೇ?

"ಕಾರಿನ ವಿಷಯ ಹೆಂಗಸರಿಗೇನು ಗೊತ್ತು?" ಈ ಮಾತನ್ನು ನಾನು ತವರಿನಲ್ಲೂ ಕೇಳಿದ್ದೇನೆ, ಹೊಳಲ್ಕೆರೆಯ ಗಂಡನ ಮನೆಯಲ್ಲೂ ಕೇಳಿದ್ದೇನೆ. ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮಾವನವರ ಕಾಲದ ಅಂಬಾಸಿಡರ್ ನಮ್ಮಲ್ಲಿ ಇನ್ನೂ ಇದೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆಯೇ ನಿಂತ ಮೇಲಂತೂ ಮನೆಯಲ್ಲಿ ಅದಕ್ಕೆ ಇನ್ನಿಲ್ಲದ ಮರ್ಯಾದೆ. ಬಣ್ಣ ಹೊಡೆಸಿದ್ದಾಯಿತು, ಬಂಪರಿಗೆ ಹೊಳಪು ಕೊಡಿಸಿದ್ದಾಯಿತು. ಈಗ ಎ.ಸಿ. ಹಾಕಿಸುವ ಉತ್ಸಾಹ. ಆದರೆ ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗಕ್ಕೆ ಹೊರಟರೆ ನಡುದಾರಿಯಲ್ಲೇ ಕುದಿಯುವ ಎಂಜಿನ್ನಿಗೆ ಯಾರೂ ಮದ್ದು ಹುಡುಕಿಲ್ಲ. ಬಾನೆಟ್ ಎತ್ತಿಟ್ಟು ಗಂಡಸರು ಹುಣಸೆಮರದ ನೆರಳಿಗೆ ಹೋಗುತ್ತಾರೆ. ಮಂಡಿನೋವಿನ ಅತ್ತೆಯವರು ಹಿಂದಿನ ಸೀಟಿನಲ್ಲೇ ಬೇಯುತ್ತಾರೆ.

ಇದರಲ್ಲಿ ನಮಗೆ ತಿಳಿಯದ್ದು ಏನಿದೆ? ನಮ್ಮ ಸೀಮೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯೊಳಗೆ ಬಿಳಿ ಪೊರೆ ಕಟ್ಟುವುದನ್ನು ದಿನವೂ ಕಂಡು ಉಜ್ಜುವವರು ನಾವು. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದರ ಸಣ್ಣ ಕೊಳವೆಗಳಲ್ಲೂ ಪೊರೆ ಕಟ್ಟಿ ದಾರಿ ಮುಚ್ಚುತ್ತದೆ. ಅದನ್ನು ಬಿಚ್ಚಿ ತೊಳೆಸಿ, ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ತುಂಬಬೇಕು.

ಇನ್ನು ರೇಡಿಯೇಟರಿನ ಮುಚ್ಚಳ. ಕುಕ್ಕರಿನಂತೆ ಅದೂ ಒತ್ತಡ ಹಿಡಿದು ನೀರು ಬೇಗ ಕುದಿಯದಂತೆ ತಡೆಯುತ್ತದೆ. ರಬ್ಬರು ಸವೆದರೆ ಒತ್ತಡ ನಿಲ್ಲದು. ಬಿಸಿಯಿದ್ದಾಗ ತೆರೆದರೆ ಮುಖವೇ ಸುಟ್ಟೀತು. ಕುಕ್ಕರ್ ಇಟ್ಟ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿಲ್ಲ.

ಥರ್ಮೋಸ್ಟಾಟನ್ನು "ನಮ್ಮ ಸೆಖೆಗೆ ಇದೇಕೆ" ಎಂದು ಕಿತ್ತೆಸೆಯುವ ಮೇಸ್ತ್ರಿಗಳಿದ್ದಾರೆ. ಅದಿಲ್ಲದಿದ್ದರೆ ಎಂಜಿನ್ ಹದವಾಗಿ ಕಾಯಲು ತಡವಾಗಿ ಪೆಟ್ರೋಲ್ ಹೆಚ್ಚು ಸುಡುತ್ತದೆ. ಅದನ್ನು ಪರೀಕ್ಷಿಸುವುದೂ ಒಲೆಯ ಮೇಲೆಯೇ! ಪಾತ್ರೆಯ ನೀರಿಗೆ ಇಳಿಬಿಟ್ಟು ಕಾಯಿಸಿದರೆ, ಕುದಿ ಬರುವ ಮೊದಲೇ ಅದು ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ.

ಇಷ್ಟೂ ಆದ ಮೇಲೆ ಎ.ಸಿ. ಮಾತು. ಎ.ಸಿ.ಯ ಕಂಡೆನ್ಸರ್ ಕೂರುವುದು ರೇಡಿಯೇಟರಿನ ಎದುರಿಗೇ. ತನ್ನ ಬಿಸಿಯನ್ನೂ ಅದರ ಮೇಲೇ ಹಾಯಿಸುತ್ತದೆ. ಕಂಪ್ರೆಸರನ್ನು ತಿರುಗಿಸುವುದೂ ಅದೇ 1489 ಸಿ.ಸಿ.ಯ ಮುದಿ ಎಂಜಿನ್. ಏದುಸಿರು ಬಿಡುತ್ತಿರುವವನ ಹೆಗಲಿಗೆ ಮತ್ತೊಂದು ಮೂಟೆ! ಹಿಂದೆಯೇ ಎ.ಸಿ. ಹಾಕಿಸಿದ ಹಳೆಯ ಕಾರುಗಳಲ್ಲಿ ಇದ್ದದ್ದು ಆರ್-12 ಅನಿಲ. ಓಝೋನ್ ಪದರವನ್ನು ತಿನ್ನುವ ಅದನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಕೈಬಿಡಲಾಗಿದೆ. ಈಗಿನ ಆರ್-134ಎ ತುಂಬಿಸುವುದಾದರೆ ಕಂಪ್ರೆಸರಿನ ಎಣ್ಣೆಯನ್ನೂ ಬದಲಿಸಬೇಕು. ಬರೀ ಗ್ಯಾಸ್ ತುಂಬಿ ಕಳಿಸಿದರೆ ಕಂಪ್ರೆಸರ್ ಬೇಗ ಕೆಡುತ್ತದೆ.

ಎ.ಸಿ. ಬೇಡವೆಂದು ನಾನು ಹಟ ಹಿಡಿದಿಲ್ಲ. ಅಡಿಪಾಯ ಬಿರುಕು ಬಿಟ್ಟಿರುವಾಗ ಮಹಡಿ ಕಟ್ಟಬೇಡಿ ಎನ್ನುತ್ತಿದ್ದೇನೆ, ಅಷ್ಟೆ. ಗಾಡಿ ಪೂಜೆಯ ದಿನ ಆರತಿ ಎತ್ತಲು, ಚಕ್ರದಡಿಗೆ ನಿಂಬೆಹಣ್ಣು ಇಡಲು ನಾವು ಬೇಕು. ಗ್ಯಾರೇಜಿನಲ್ಲಿ ಲೆಕ್ಕ ಕೇಳಲು ಮಾತ್ರ ಬೇಡವೇ? ಆ ಕಾರಿನಲ್ಲಿ ಕೂರುವವರು ನಾವು, ಅದಕ್ಕೆ ಸುರಿಯುವ ದುಡ್ಡು ನಮ್ಮ ಸಂಸಾರದ್ದು. ಮುಂದಿನ ಸಲ ಕಾರು ರಿಪೇರಿಗೆ ಹೊರಟರೆ ನೀವೂ ಜೊತೆಗೆ ಹೋಗಿ. "ಮೇಸ್ತ್ರಿ, ರೇಡಿಯೇಟರ್ ತೊಳೆಸಿದ್ದೀರಾ?" ಎಂದು ಕೇಳಿ. ಉತ್ತರ ಬರುವವರೆಗೂ ಅಲ್ಲಿಂದ ಕದಲಬೇಡಿ.